ಹದ ಬಲ್ಲ ಮಾತು

ಶಾಲೆಯಲ್ಲಿ ಮಗು ಲೆಕ್ಕ ಬಿಡಿಸುತ್ತದೆ. ಚುನಾವಣೆ ಬಂದರೆ ಟಿಕೆಟ್ ಹಂಚಿಕೆ ಕಗ್ಗಂಟಾಗುತ್ತದೆ, ಜಮೀನಿನ ಕ್ರಯಕ್ಕೆ ತೊಡಕು ಬರುತ್ತದೆ, ಅಣ್ಣತಮ್ಮಂದಿರ ಪಾಲಿನ ಮಾತು ಸಿಕ್ಕುಸಿಕ್ಕಾಗುತ್ತದೆ, ಪೊಲೀಸರಿಗೆ ಪ್ರಕರಣದ ಎಳೆಯೊಂದು ಸಿಗುತ್ತದೆ. ಸಮಸ್ಯೆ, ಪರಿಹಾರ ಎಂಬ ಎರಡು ಸಂಸ್ಕೃತ ಪದಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ಬಿಕ್ಕಟ್ಟಿನ ಬಗ್ಗೆ ನಾವು ದಿನವೂ ಆಡುವ ಮಾತುಗಳಲ್ಲಿ ಎಷ್ಟೋ ನೂಲಿನ ಮಾತುಗಳು. ಇವು ಬರೀ ಅಲಂಕಾರ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಿಕ್ಕಾದ ನೂಲನ್ನು ಕೈಯಲ್ಲಿ ಹಿಡಿದವರಿಗೆ ಕೆಲವು ಸಂಗತಿಗಳು ಗೊತ್ತಿರುತ್ತವೆ. ಜೋರಾಗಿ ಎಳೆದರೆ ಗಂಟು ಬಿಗಿಯುತ್ತದೆ. ಮೊದಲು ತುದಿ ಹುಡುಕಬೇಕು. ಸಡಿಲವಿರುವ ಕಡೆಯಿಂದ ಬಿಡಿಸುತ್ತ ಬರಬೇಕು. ಕತ್ತರಿಗೆ ಕೈಹಾಕುವುದು ಕಟ್ಟಕಡೆಗೆ. 'ತೊಡಕು' ಎಂದು ಹೆಸರಿಟ್ಟ ಕೂಡಲೇ ಬೆರಳು ಕಲಿತ ಈ ತಿಳಿವಳಿಕೆಯೆಲ್ಲ ಮಾತಿನ ಬೆನ್ನಿಗೇ ಬರುತ್ತದೆ. ಹೊಸದಾಗಿ ಯೋಚಿಸಬೇಕಾದ ಗಳಿಗೆಯಲ್ಲಿ ಇಂದ್ರಿಯದ ಅನುಭವವೂ ಆಡುಮಾತೂ ಹೀಗೆ ಕೂಡಿಯೇ ದುಡಿಯುತ್ತವೆ ಎಂಬುದು ಈ ಲೇಖನದ ವಾದ.

ರೂಪಕದ ಬಲವನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಹೊರಟವರಿದ್ದಾರೆ. 2011ರಲ್ಲಿ ಪಾಲ್ ಥಿಬೊಡೊ ಮತ್ತು ಲೆರಾ ಬೊರೊಡಿಟ್‌ಸ್ಕಿ ಒಂದು ಊರಿನ ಅಪರಾಧದ ವರದಿಯನ್ನು ಎರಡು ಬಗೆಯಲ್ಲಿ ಬರೆದು ಓದಿಸಿದರು; ಒಂದರಲ್ಲಿ ಅಪರಾಧ ಮೃಗ, ಇನ್ನೊಂದರಲ್ಲಿ ವೈರಸ್. ಮೃಗವೆಂದು ಓದಿದವರು ಹಿಡಿದು ಜೈಲಿಗೆ ಹಾಕುವ ಮಾತಾಡಿದರು, ವೈರಸ್ ಎಂದು ಓದಿದವರು ಬೇರನ್ನು ಹುಡುಕಿ ಸುಧಾರಿಸುವತ್ತ ಹೆಚ್ಚು ವಾಲಿದರು. ಮುಂದೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಆ ಪರಿಣಾಮ ಸಿಗಲಿಲ್ಲ. ಹಾಗಾಗಿ ಓದಿದ ಒಂದು ಪದದ ಮೇಲೆ ನಾನು ವಾದದ ಭಾರ ಹೊರಿಸುವುದಿಲ್ಲ. ಕೈಯೂ ಮಾತೂ ಶತಮಾನಗಳಿಂದ ಒಟ್ಟಿಗೆ ದುಡಿದ ಜಾಗ ಇದಕ್ಕಿಂತ ಗಟ್ಟಿ ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಅಂಥ ಜಾಗಗಳು. ಮಳೆಯಲ್ಲಿ ರಾಜ್ಯದ ಅತಿ ಬಡ ತಾಲ್ಲೂಕುಗಳ ಸಾಲಿನಲ್ಲಿರುವ ಈ ನೆಲದಲ್ಲಿ ಕುರಿಯ ಉಣ್ಣೆಯಿಂದ ಕರಿಕಂಬಳಿಯೂ ಹುಳದ ನೂಲಿನಿಂದ ರೇಷ್ಮೆ ಸೀರೆಯೂ ಹುಟ್ಟುತ್ತವೆ. ಒಂದು ಕುರಿಗಾಹಿಯ ಹೆಗಲಿಗೆ, ಇನ್ನೊಂದು ಮದುವೆ ಚಪ್ಪರಕ್ಕೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಂಬಳಿಗೆ ಅಷ್ಟು ಪ್ರಚಾರವಿಲ್ಲ. ನಮ್ಮ ವಿಷಯಕ್ಕೆ ಮಾತ್ರ ಕಂಬಳಿಯೇ ದೊಡ್ಡ ಗುರು.

ಕಂಬಳಿ ನೇಯುವವರ ಮುಂದಿರುವ ಕಷ್ಟ ಹೀಗಿದೆ. ದಖ್ಖನಿ, ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು, ಎಳೆ ಗಿಡ್ಡ. ಅದನ್ನು ಹಿಂಜಿ, ಕೈಯಲ್ಲಿ ನೂತ ನೂಲಿನ ಮೈತುಂಬ ಜೂಲು. ಹಾಗೆಯೇ ಮಗ್ಗಕ್ಕೇರಿಸಿದರೆ ಹಾಸಿನ ಎಳೆಗಳು ಒಂದಕ್ಕೊಂದು ತೆಕ್ಕೆಬೀಳುತ್ತವೆ, ಹಣಿಗೆಯಲ್ಲಿ ಉಜ್ಜಿ ಉಜ್ಜಿ ಹರಿಯುತ್ತವೆ. ಎಳೆಯ ಜೂಲನ್ನು ಮಲಗಿಸಿ ಮೈಗೆ ಅಂಟಿಸುವ ಲೇಪವೊಂದು ಬೇಕು. ಲೇಪ ಒಣಗಿದ ಮೇಲೆ ಎಳೆಗೆ ಬಲ ಬರಬೇಕು, ಹಾಗೆಂದು ಅದು ಕಡ್ಡಿಯಾಗಬಾರದು. ನೇಯ್ದಾದ ಮೇಲೆ ತೊಳೆದರೆ ಬಿಟ್ಟುಹೋಗಬೇಕು. ಬಡವರ ಕೈಗೆ ಎಟುಕುವ ಬೆಲೆಯೂ ಆಗಬೇಕು. ಇದಕ್ಕೆಲ್ಲ ಸಿಕ್ಕ ಉತ್ತರ ಹುಣಸೆಬೀಜ. ಹುಣಸೆಹಣ್ಣು ಜಜ್ಜಿ ಹುಳಿ ತೆಗೆದಿಟ್ಟ ಮೇಲೆ ಅಂಗಳದಲ್ಲಿ ರಾಶಿ ಬೀಳುವ ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ ರುಬ್ಬಿ ಕುದಿಸಿದರೆ ಅಂಟಂಟು ಗಂಜಿಯಾಗುತ್ತದೆ. ಅದರಲ್ಲಿರುವುದು ಗಿಡಗಳು ತಮ್ಮ ಜೀವಕೋಶದ ಗೋಡೆ ಕಟ್ಟಲು ಬಳಸುವ ಸಕ್ಕರೆ ಸರಪಣಿಗೆ ತೀರ ಹತ್ತಿರದ ವಸ್ತು ಎಂದು ರಸಾಯನ ವಿಜ್ಞಾನ ಹೇಳುತ್ತದೆ. ಬಟ್ಟೆ ಮತ್ತು ಸೆಣಬಿನ ಗಿರಣಿಗಳು ಇದೇ ಪುಡಿಯನ್ನು ಮೂಟೆಗಟ್ಟಲೆ ಕೊಂಡಿವೆ. ಗುಂಡಿ ಮಗ್ಗದ ಮುಂದೆ ಕೂತವರು ಆ ರಸಾಯನ ವಿಜ್ಞಾನ ಓದಿರಲಿಲ್ಲ. ಬೀಜ ನೆಂದಾಗ ಬೆರಳಿಗೆ ಆದ ಜಿಡ್ಡು, ಕುದ್ದಾಗ ಸೌಟಿಗೆ ಹಿಡಿದ ಅಂಟು, ಒಣಗಿದಾಗ ಬಟ್ಟೆಗೆ ಬಂದ ಗರಿಗರಿ ಅವರಿಗೆ ದಾರಿ ತೋರಿದವು.

ಈ ಗಂಜಿಗೆ ಎಷ್ಟು ಬೀಜ, ಎಷ್ಟು ನೀರು ಎಂದು ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಸಾಲದೆ ಎಂದು ಕೇಳಬಹುದು. ಸಾಲದು. ಉಣ್ಣೆ ಗಾಳಿಯ ತೇವವನ್ನು ಹೀರುವ ವಸ್ತು. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೇಸಿಗೆಯ ಒಣಗಾಳಿಯಲ್ಲಿ ಸರಿಹೋದ ಗಂಜಿ ಮೋಡದ ದಿನ ಒಣಗದೆ ಕಾಡುತ್ತದೆ. ಮರಿಯ ಉಣ್ಣೆ ಬೇರೆ, ಮುದಿಕುರಿಯದು ಬೇರೆ. ಹಳೆಯ ಬೀಜದ ಅಂಟು ಹೊಸದರಂತಲ್ಲ. ನೂಲಿನ ಹುರಿ ಒಂದೊಂದು ಕೈಯಲ್ಲಿ ಒಂದೊಂದು ಥರ. ಐದಾರು ಸಂಗತಿಗಳು ಏಕಕಾಲಕ್ಕೆ ಬದಲಾಗುವಾಗ ಒಂದನ್ನೇ ಅಳೆದಿಟ್ಟರೆ ಉಳಿದವು ಕೈ ತಪ್ಪುತ್ತವೆ. ಇವೆಲ್ಲ ಒಟ್ಟುಗೂಡಿ ಬರುವ ಸ್ಥಿತಿಯನ್ನು ಒಮ್ಮೆಗೇ ಹಿಡಿಯುವ ಅಳತೆ ಬೇಕು. ಕನ್ನಡದಲ್ಲಿ ಆ ಅಳತೆಗೆ ಹದ ಎಂದು ಹೆಸರು.

ಹದ ಸಣ್ಣ ಮಾತು, ಅದರ ಓಡಾಟ ದೊಡ್ಡದು. ಹೊಲಕ್ಕೆ ಹದ ಮಳೆ, ರೊಟ್ಟಿ ಹಿಟ್ಟಿಗೆ ಹದ, ಬೆಲ್ಲದ ಪಾಕಕ್ಕೆ ಹದ, ಕಮ್ಮಾರನ ಕಬ್ಬಿಣಕ್ಕೆ ಹದ, ಚರ್ಮಕ್ಕೆ ಹದ, ಮಣ್ಣಿಗೆ ಹದ, ಕಡೆಗೆ ಮಾತಿಗೂ ಹದ. ಹದಗೆಟ್ಟ ರಸ್ತೆ, ಹದಗೆಟ್ಟ ಆರೋಗ್ಯ ಎಂದು ದಿನಪತ್ರಿಕೆಗಳು ಬರೆಯುವಾಗ ಯಾರಿಗೂ ಗಂಜಿಯ ನೆನಪಾಗದು, ಆದರೂ ಪದ ಅದೇ. ಇದರ ಹಳಗನ್ನಡ ರೂಪ ಪಕಾರದ್ದು, 'ಪದ'. ಗಡಿಯಾಚೆಯ ತೆಲುಗಿನಲ್ಲಿ 'ಪದುನು' ಇದರ ಒಡಹುಟ್ಟು. ನೆಲದ ತೇವಕ್ಕೂ ಕತ್ತಿಯ ಹರಿತಕ್ಕೂ ಅಲ್ಲಿ ಅದೇ ಮಾತು. ಕನ್ನಡ, ತೆಲುಗು ಎರಡೂ ಒಂದೇ ಮನೆಯೊಳಗೆ ಓಡಾಡುವ ಮೊಳಕಾಲ್ಮೂರು ಸೀಮೆಯಲ್ಲಿ ಈ ತಿಳಿವಳಿಕೆ ಭಾಷೆ ಬದಲಾದರೂ ಕೈಬಿಡುವುದಿಲ್ಲ. ನನ್ನ ವಾದದ ನಡುಗಂಬ ಇಲ್ಲಿದೆ. ಅಡುಗೆಮನೆ, ಹೊಲ, ಕುಲುಮೆ, ಮಗ್ಗ ಈ ನಾಲ್ಕಕ್ಕೂ ಒಂದೇ ಪದ ಇದ್ದಾಗ, ಒಂದರಲ್ಲಿ ಕಂಡುಕೊಂಡದ್ದು ಇನ್ನೊಂದಕ್ಕೆ ದಾಟಲು ಸೇತುವೆ ಸಿದ್ಧವಾಗಿರುತ್ತದೆ. ಒಲೆಯ ಮೇಲಿನ ಗಂಜಿಯನ್ನು ನೂಲಿಗೆ ಹಚ್ಚಬಹುದು ಎಂಬ ಯೋಚನೆಗೆ ಎರಡು ಕಡೆಯ ಹದವನ್ನೂ ಒಂದೇ ಎಂದು ಕಂಡ ಮನಸ್ಸು ಬೇಕು. ಸೃಜನಶೀಲತೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಂಥ ದಾಟುವಿಕೆಯೇ.

ವಸ್ತುವೊಂದು ತನ್ನ ಹಳೆಯ ಕೆಲಸದಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡಂಕರ್ 1935ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರ ಪ್ರಯೋಗದ ಹೆಚ್ಚು ಪ್ರಚಾರದಲ್ಲಿರುವ ರೂಪ ಹೀಗಿದೆ: ಮೇಣದಬತ್ತಿ, ಬೆಂಕಿಕಡ್ಡಿ, ಡ್ರಾಯಿಂಗ್ ಪಿನ್ನು ತುಂಬಿದ ಸಣ್ಣ ಪೆಟ್ಟಿಗೆ ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಎನ್ನುತ್ತಾರೆ. ಪಿನ್ನು ಸುರಿದು ಖಾಲಿ ಪೆಟ್ಟಿಗೆಯನ್ನೇ ಗೋಡೆಗೆ ಚುಚ್ಚಿದರೆ ಬತ್ತಿಗೆ ಗೂಡು ಸಿಕ್ಕಿತು. ಪಿನ್ನು ತುಂಬಿರುವ ತನಕ ಪೆಟ್ಟಿಗೆ ಬಹಳ ಜನರಿಗೆ ಕಾಣುವುದೇ ಇಲ್ಲ. 1966ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ರಾಬರ್ಟ್ ವೈಸ್‌ಬರ್ಗ್ ಇದಕ್ಕೊಂದು ಸಣ್ಣ ಬದಲಾವಣೆ ಮಾಡಿದರು. ಪೆಟ್ಟಿಗೆ, ಪಿನ್ನು ಎಂದು ಎಲ್ಲಕ್ಕೂ ಬಿಡಿಬಿಡಿಯಾಗಿ ಹೆಸರಿನ ಚೀಟಿ ಅಂಟಿಸಿದರು. ಉತ್ತರ ಬೇಗ ಸಿಕ್ಕಿತು. ತನ್ನದೇ ಹೆಸರು ಸಿಕ್ಕ ಕೂಡಲೇ ಪೆಟ್ಟಿಗೆ ಪಿನ್ನಿನ ಹಂಗಿನಿಂದ ಹೊರಬಂತು. ಹುಣಸೆಬೀಜದ ಕಥೆಯೂ ಇದೇ. ಪಟ್ಟಣದ ಅಡುಗೆಮನೆಯಲ್ಲಿ ಹುಣಸೆ ಎಂದರೆ ಹುಳಿ, ಬೀಜ ಕಸ. ಹಳ್ಳಿಯ ಮಾತಿನಲ್ಲಿ ಬೀಜಕ್ಕೆ ಬೇರೆಯೇ ಬದುಕಿದೆ: ಹುರಿದು ತಿನ್ನುವ ಬೀಜ, ಸೀಳಿ ತೇದು ಚೌಕಾಬಾರ ಆಡುವ ಪಿಕ್ಕೆ, ಕುದಿಸಿ ಹಚ್ಚುವ ಗಂಜಿ. ಹೆಸರೂ ಆಟವೂ ರುಚಿಯೂ ಇರುವ ವಸ್ತು ಕಸದಲ್ಲಿ ಕಳೆದುಹೋಗುವುದು ಕಷ್ಟ.

ಆಡುಮಾತಿನ ಇನ್ನೊಂದು ಉಪಕಾರ ನಮ್ಮ ಕಣ್ಣೆದುರೇ ಇದೆ, ವ್ಯಾಕರಣದಲ್ಲಿ. ಕನ್ನಡದ 'ನೋಡು' ಕಣ್ಣಿಗೆ ಮೀಸಲಾದ ಕ್ರಿಯಾಪದವಾಗಿ ಉಳಿದಿಲ್ಲ. ಮುಟ್ಟಿ ನೋಡು, ಮೂಸಿ ನೋಡು, ತಿಂದು ನೋಡು, ಕೇಳಿ ನೋಡು, ಎತ್ತಿ ನೋಡು, ಮಾಡಿ ನೋಡು. ಎಲ್ಲ ಇಂದ್ರಿಯಗಳ ಬೆನ್ನಿಗೂ ಅದು ಹೋಗಿ ನಿಲ್ಲುತ್ತದೆ, ನಿಂತ ಕೂಡಲೇ ಅರ್ಥ 'ಪರೀಕ್ಷಿಸು' ಎಂದಾಗುತ್ತದೆ. ಪ್ರಯೋಗ ಎಂಬ ಭಾರದ ಮಾತು ಬಾಯಿಗೆ ಬರುವ ಮೊದಲೇ ಪ್ರತಿ ಮಗುವಿಗೂ ಪ್ರಯೋಗದ ಕ್ರಿಯಾಪದ ದಕ್ಕಿರುತ್ತದೆ. ಇದು ಕನ್ನಡಕ್ಕೆ ಮಾತ್ರ ಸಿಕ್ಕ ವರ ಎಂದು ಬೀಗಬೇಕಿಲ್ಲ. ಅಕ್ಕಪಕ್ಕದ ದ್ರಾವಿಡ ಭಾಷೆಗಳಲ್ಲೂ ಹಿಂದಿಯಲ್ಲೂ ಹೆಚ್ಚುಕಡಿಮೆ ಇದೇ ಕಟ್ಟಡವಿದೆ. ಹಂಚಿಕೊಂಡದ್ದು ಎಂಬ ಕಾರಣಕ್ಕೆ ಅದರ ಬೆಲೆ ಕಡಿಮೆಯಾಗದು. 'ಗಂಜಿ ಗಟ್ಟಿಯಾಯಿತೇನೋ' ಎಂಬ ಅನುಮಾನಕ್ಕೆ 'ಹಚ್ಚಿ ನೋಡು' ಎಂಬ ಉತ್ತರ ಬಂದಾಗ, ಊಹೆಯಿಂದ ಪರೀಕ್ಷೆಗೆ ಹೋಗುವ ದಾರಿ ಎರಡು ಪದಗಳಷ್ಟೇ ಉದ್ದ.

ಇಲ್ಲಿ ಮೊದಲ ಗಟ್ಟಿ ಆಕ್ಷೇಪಣೆ ಎದುರಾಗುತ್ತದೆ. ಹದ ಎನ್ನುವುದು ಮಸುಕು ಮಾತು. ಅಳತೆ ಬಾರದವರು ಅದರ ಮರೆಯಲ್ಲಿ ನಿಲ್ಲುತ್ತಾರೆ. ಗ್ರಾಮು, ಡಿಗ್ರಿ, ನಿಮಿಷ ಹೇಳಿದರೆ ಯಾರು ಬೇಕಾದರೂ ಕಲಿಯಬಹುದು. ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಅಂಕಿಯಲ್ಲದ್ದೆಲ್ಲ ಮಸುಕು ಎಂಬ ನಂಬಿಕೆ ತಪ್ಪು. ಶೇಂಗಾ ಬಿತ್ತುವ ಮೊದಲು ರೈತ ಒಂದು ಹಿಡಿ ಮಣ್ಣನ್ನು ಹಿಸುಕಿ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ನಿಲ್ಲದಿದ್ದರೆ ತೇವ ಸಾಲದು, ಬೆರಳಿಗೆ ಮೆತ್ತಿಕೊಂಡರೆ ಹೆಚ್ಚಾಯಿತು, ಉಂಡೆ ನಿಂತು, ಬೆರಳು ತಾಗಿಸಿದಾಗ ಉದುರಿದರೆ ಹದ. ಅಮೆರಿಕದ ಕೃಷಿ ಇಲಾಖೆ ರೈತರಿಗೆಂದು 1998ರಲ್ಲಿ ಹೊರತಂದ ಕೈಪಿಡಿಯೊಂದು ಇದನ್ನೇ ಕಲಿಸುತ್ತದೆ: ಮಣ್ಣಿನ ತೇವವನ್ನು ಮುಟ್ಟಿ, ನೋಡಿ ಅಂದಾಜು ಮಾಡುವ ಬಗೆ, ಚಿತ್ರಗಳ ಸಮೇತ. ಅಷ್ಟೆಲ್ಲ ಉಪಕರಣವಿರುವ ದೇಶ ಕೈಬೆರಳನ್ನು ನೆಚ್ಚಿದ್ದು ಹೊಲದ ನಡುವೆ ಆ ಗಳಿಗೆಗೆ ಸಾಕಾಗುವ ನಿಖರತೆ ಬೆರಳಿಗಿದೆ ಎಂಬ ಕಾರಣಕ್ಕೆ. ರೇಷ್ಮೆಯ ಕಡೆಗೆ ಬಂದರೆ ಇನ್ನೂ ಸ್ಪಷ್ಟವಾಗುತ್ತದೆ. ಜೋಸೆಫ್ ಮರಿ ಜಕಾರ್ಡ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ತೂತುರಟ್ಟಿನ ಯಂತ್ರ ನವಿಲು, ಮಾವು, ಹೂವುಗಳನ್ನು ರಟ್ಟಿನ ತೂತುಗಳಲ್ಲಿ ಬರೆದಿಟ್ಟಿತು. ಗಣಕಯಂತ್ರದ ಇತಿಹಾಸ ಅಲ್ಲಿಂದಲೂ ಒಂದು ಎಳೆ ಎಳೆದುಕೊಂಡಿದೆ. ಎಲ್ಲಿ ಯಾವ ಎಳೆ ಏಳಬೇಕು ಎಂಬುದು ರಟ್ಟಿಗೆ ಹೋಯಿತು. ಹಾಸು ಎಷ್ಟು ಬಿಗಿ ಇರಬೇಕು, ಒಡಲು ಒಂದು ಬಣ್ಣ ಅಂಚು ಇನ್ನೊಂದು ಬಣ್ಣವಾದ ಸೀರೆಯಲ್ಲಿ ಎರಡೂ ಕೂಡುವ ಗೆರೆಯಲ್ಲಿ ಹೊಕ್ಕಿನ ಎಳೆಯನ್ನು ಎಷ್ಟು ಜಗ್ಗಬೇಕು, ಇದು ಕೈಮಗ್ಗದಲ್ಲಿ ಕೈಗೇ ಉಳಿಯಿತು. ಜಗ್ಗಿದ್ದು ಹೆಚ್ಚಾದರೆ ಅಂಚು ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ಕುಣಿಕೆ ಹೊರಬೀಳುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಸೂಕ್ಷ್ಮದ್ದು. ಕೈಯೇ ಯೋಚಿಸುವುದಾದರೆ ಮಾತಿನ ಹಂಗೇಕೆ? ಗಣಿತಜ್ಞ ಜಾಕ್ ಹದಮಾರ್ 1945ರ ತಮ್ಮ ಪುಸ್ತಕಕ್ಕಾಗಿ ಕೇಳಿದಾಗ ಐನ್‌ಸ್ಟೈನ್ ಕೊಟ್ಟ ಉತ್ತರ ಪ್ರಸಿದ್ಧ. ತಮ್ಮ ಯೋಚನೆಯ ಸಾಮಗ್ರಿ ಚಿತ್ರಗಳು ಮತ್ತು ಮೈಯ ಸ್ನಾಯುಗಳಿಗೆ ಸೇರಿದ ಅನುಭವಗಳು, ಪದಗಳನ್ನು ಆಮೇಲೆ ಕಷ್ಟಪಟ್ಟು ಹುಡುಕಬೇಕು ಎಂಬ ಅರ್ಥದ ಮಾತು ಅದು. 1993ರಲ್ಲಿ ಜೊನಾಥನ್ ಸ್ಕೂಲರ್ ಮತ್ತು ಸಂಗಡಿಗರು ಒಗಟಿನಂಥ ಸಮಸ್ಯೆ ಬಿಡಿಸುವವರಿಗೆ ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿ ಎಂದಾಗ ಅವರ ಯಶಸ್ಸು ಕುಗ್ಗಿತು. ಹಾಗಾದರೆ ಮಾತು ಅಡ್ಡಿಯೇ? ಅದೇ ಸ್ಕೂಲರ್, ಜೋಸೆಫ್ ಮೆಲ್ಚರ್ ಜೊತೆಗೂಡಿ 1996ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ವೈನ್ ಕುಡಿದು ಅದರ ರುಚಿಯನ್ನು ಮಾತಿನಲ್ಲಿ ಬಣ್ಣಿಸಿದ ಮೇಲೆ, ಕುಡಿದು ರೂಢಿಯಿದ್ದರೂ ತರಬೇತಿಯಿಲ್ಲದವರು ಆ ವೈನನ್ನು ಮತ್ತೆ ಗುರುತಿಸುವಲ್ಲಿ ಸೋತರು. ನಾಲಿಗೆಯ ಜೊತೆಗೆ ಪದಗಳನ್ನೂ ಪಳಗಿಸಿಕೊಂಡ ಪರಿಣತರಿಗೆ ಮಾತು ತೊಂದರೆ ಕೊಡಲಿಲ್ಲ. ಅಡ್ಡಬಂದದ್ದು ಅನುಭವಕ್ಕೆ ಹೊಂದದ ಮಾತು. ಅನುಭವದ ಜೊತೆಗೇ ಬೆಳೆದ ಮಾತು ಅದಕ್ಕೆ ಹಿಡಿಕೆಯಾಗುತ್ತದೆ. ಇಂಥ ಹಿಡಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಮಲಯ ಪರ್ಯಾಯ ದ್ವೀಪದ ಕಾಡಿನ ಜಹಾಯ್ ಜನ ಬಣ್ಣಗಳಿಗೆ ಹೆಸರು ಹೇಳಿದಷ್ಟೇ ಸಲೀಸಾಗಿ ವಾಸನೆಗಳಿಗೂ ಹೆಸರು ಹೇಳಿದರು, ಇಂಗ್ಲಿಷ್ ಆಡುವವರು ತಡವರಿಸಿದರು. ಮನುಷ್ಯರ ಮೂಗು ದುರ್ಬಲ ಎಂಬ ಹಳೆಯ ನಂಬಿಕೆಯ ಹಿಂದೆ ಭಾಷೆಯ ಬಡತನವೂ ಇದ್ದಿರಬಹುದು.

ಕನ್ನಡ ಈ ವಿಷಯದಲ್ಲಿ ಬಡವಾಗಿಲ್ಲ. ಕಮಟು, ಮುಗ್ಗಲು, ಸೀದ ವಾಸನೆ, ಹಸಿ ವಾಸನೆ, ಘಾಟು, ಗಮಗಮ ಒಂದೊಂದೂ ಬೇರೆ ಬೇರೆ ಸುದ್ದಿ ತರುತ್ತವೆ. ರೇಷ್ಮೆಯೋ ಕೃತಕ ನೂಲೋ ಎಂಬ ಅನುಮಾನ ಬಂದರೆ ಒಂದೆಳೆ ಸುಟ್ಟು ಮೂಸಿ ನೋಡುತ್ತಾರೆ. ಕೂದಲು ಸುಟ್ಟ ಕಮಟು ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಅಂಟಂಟಾಗಿ ಕರಗಿ ಗಟ್ಟಿ ಮಣಿಯಾದರೆ ನೈಲಾನಿನಂಥದ್ದು. ರೇಷ್ಮೆ, ಉಣ್ಣೆ, ಕೂದಲು ಎಲ್ಲ ಪ್ರೋಟೀನು ಎಂಬ ವಿಜ್ಞಾನವನ್ನು ಮೂಗು ತನ್ನ ಭಾಷೆಯಲ್ಲಿ ಹೇಳುವ ಬಗೆ ಇದು. ಸದ್ದಿಗೂ ಹಾಗೆಯೇ. ಸರಸರ, ಗರಗರ, ಟಣಟಣ, ಪಟಪಟ ಎಂಬ ಅನುಕರಣ ಪದಗಳನ್ನು ಶಾಲೆಯ ವ್ಯಾಕರಣ ಅವ್ಯಯಗಳ ಮೂಲೆಯಲ್ಲಿ ಕೂರಿಸುತ್ತದೆ. ಕೆಲಸದ ಜಾಗದಲ್ಲಿ ಅವು ಉಪಕರಣಗಳು. ನೂಲಿನ ಮೇಲಿನ ಸಹಜ ಗೋಂದನ್ನು ಸಾಬೂನು ನೀರಿನಲ್ಲಿ ಕುದಿಸಿ ತೆಗೆದು, ಆಮೇಲೆ ತುಸು ಹುಳಿನೀರಿನಲ್ಲಿ ಅದ್ದಿದ ರೇಷ್ಮೆಯನ್ನು ಹಿಸುಕಿದರೆ ಸರಬರ ಎನ್ನುತ್ತದೆ. ಹುಳಿ ಕಾಣದ ರೇಷ್ಮೆಗೆ ಆ ದನಿ ಅಷ್ಟಾಗಿ ಇರುವುದಿಲ್ಲ. ಮಗ್ಗದ ಸದ್ದಿನ ಲಯ ತಪ್ಪಿದರೆ ಎಲ್ಲೋ ಎಳೆ ಹರಿದಿದೆ ಎಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಇದೆಲ್ಲ ಪರಂಪರೆ, ಅಜ್ಜ ಮಾಡಿದ್ದನ್ನು ಮೊಮ್ಮಗ ಮಾಡುವುದು, ಇದರಲ್ಲಿ ಸೃಷ್ಟಿ ಎಲ್ಲಿದೆ ಎನ್ನುವವರಿಗೆ ಗುಂಡಿ ಮಗ್ಗವನ್ನೇ ತೋರಿಸಬಹುದು. ಒಣಗಾಳಿಯಲ್ಲಿ ಎಳೆ ಪೆಡಸಾಗಿ ತುಂಡಾಗುತ್ತದೆ. ಹಾಸನ್ನು ನೆಲಕ್ಕೆ ಹತ್ತಿರ ಹರಡಿ, ಕಾಲನ್ನು ಗುಂಡಿಗಿಳಿಸಿ ಕೂತರೆ ಮಣ್ಣಿನ ತಂಪು ಎಳೆಗೆ ತಾಗುತ್ತದೆ. ಅದೇ ಕಟ್ಟುವಿಕೆಯಲ್ಲಿ ಎತ್ತರದ ಚೌಕಟ್ಟಿನ ಮರವೂ ಉಳಿಯಿತು, ಕಾಲಿಗೆ ತುಳಿಮಣೆಯೂ ಸಿಕ್ಕಿತು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಇದೆ. ಅಶೋಕನ ಶಾಸನಗಳಿಂದ ಹೆಸರಾದ ಆ ಬೆಟ್ಟದ ಬುಡದಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಒಳಗೆ ಕಪ್ಪು, ಹೊರಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟು, ಒಳಗೆ ಗಾಳಿಯಾಡದಂತೆ ಮಾಡಿದರೆ ಹಾಗಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಬೆಂಕಿಯ ಬಣ್ಣ, ಹೊಗೆಯ ದಟ್ಟಣೆ, ತಟ್ಟಿದಾಗಿನ ಟಣ್ ಎಂಬ ಸದ್ದು ಬಿಟ್ಟರೆ ಆ ಕುಂಬಾರರಿಗೆ ಬೇರೆ ಮಾಪಕವಿರಲಿಲ್ಲ. ಮೊದಲು ಯಾರೋ ತಪ್ಪಿ ಸುಟ್ಟ ಮಡಕೆಯನ್ನು ಎಸೆಯದೆ, ತಿರುಗಿಸಿ ನೋಡಿ, ಬೇಕೆಂದೇ ಹಾಗೆ ಸುಡುವುದನ್ನು ಕಲಿತಿರಬೇಕು. ಪರಂಪರೆ ಎಂದರೆ ಹೀಗೆ ಬಿಡಿಸಿದ ತೊಡಕುಗಳ ರಾಶಿ.

ಇಂದ್ರಿಯದ ಮೇಲಿನ ಈ ಗೌರವ ಕುರುಡು ಭಕ್ತಿಯಾಗಬಾರದು, ಇದನ್ನು ಒತ್ತಿ ಹೇಳಲೇಬೇಕು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿಗೆ ಕಂದು ಕಲೆ ಬೀಳುವವರೆಗೆ, ಮೂಳೆ ಬಿಗಿಯುವವರೆಗೆ ಅದು ಯಾರ ನಾಲಿಗೆಗೂ ಗೊತ್ತಾಗದು. ಬಣ್ಣವಿಲ್ಲ, ವಾಸನೆಯಿಲ್ಲ, ಆ ಪ್ರಮಾಣದಲ್ಲಿ ರುಚಿಯೂ ಇಲ್ಲ. 'ಸಿಹಿನೀರು' ಎಂಬ ಮಾತು ಇಲ್ಲಿ ಮೋಸ ಮಾಡುತ್ತದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಗೆ ಹತ್ತಿರದ ಇನ್ನೊಂದು ಉದಾಹರಣೆ ಶೇಂಗಾದ್ದು. ಬೂಸಲು ಹಿಡಿದ ಕಾಳಿನ ಮುಗ್ಗಲು ವಾಸನೆ, ಕಹಿ ರುಚಿ ನಾಲಿಗೆ ಮೂಗುಗಳಿಗೆ ಎಚ್ಚರ ಕೊಡುತ್ತವೆ ನಿಜ. ಆದರೆ ಆ ಬೂಸಲು ಬಿಡುವ ಅಫ್ಲಾಟಾಕ್ಸಿನ್ ವಿಷಕ್ಕೆ ತನ್ನದೇ ವಾಸನೆಯಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತ ಮೇಲಷ್ಟೇ ಜಗತ್ತು ಅದನ್ನು ಗುರುತಿಸಿತು. ತೆಂಗಿನಕಾಯಿ ಅಂಗೈ ಮೇಲಿಟ್ಟು ಕೊಳವೆಬಾವಿಯ ಜಾಗ ಗುರುತಿಸುವುದಂತೂ ಇಂದ್ರಿಯಜ್ಞಾನದ ವೇಷ ಹಾಕಿದ ಜೂಜು. ಕಾಯಿ ನಿಂತ ಜಾಗಕ್ಕೂ ಆಳದ ನೀರಿಗೂ ಬೆರಳು ತಿದ್ದಿಕೊಳ್ಳುವಂಥ ನಂಟಿಲ್ಲ. ಗಂಜಿಯ ಹದ ತಪ್ಪಿದರೆ ಅರ್ಧ ದಿನದಲ್ಲಿ ಎಳೆ ಹರಿದು ತಪ್ಪು ತೋರಿಸುತ್ತದೆ. ಹಾಗೆ ಬೇಗ ತಪ್ಪು ತೋರಿಸುವ ಕೆಲಸದಲ್ಲಿ ಇಂದ್ರಿಯ ಪಳಗುತ್ತದೆ, ಮಾತು ನಿಖರವಾಗುತ್ತದೆ. ತಪ್ಪು ವರ್ಷಗಳಾಚೆ ಕಾಣುವಲ್ಲಿ, ಕಾಣದೇ ಹೋಗುವಲ್ಲಿ ಪ್ರಯೋಗಾಲಯದ ಅಳತೆಯನ್ನೇ ನಂಬಬೇಕು.

ಈಗ ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಾಲಾ ಶಿಕ್ಷಕರು ಪ್ರಯೋಗ ಮಾಡಿ ಕಲಿಯುತ್ತಾರೆ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋದದ್ದರಿಂದ ಕುರಿ, ದನಗಳ ಮೇವಿಗೆ ಆದ ನಷ್ಟದ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಆ ಗಾಯವನ್ನು ಮರೆತು ಮಾತಾಡಲಾಗದು. ಆದರೂ ಒಂದೇ ಬಯಲಿನಲ್ಲಿ ಅಳೆಯಬಲ್ಲವರೂ ಹದ ಬಲ್ಲವರೂ ಇರುವುದು ಸಣ್ಣ ಅವಕಾಶವಲ್ಲ. ಹುಣಸೆ ಗಂಜಿಯ ಸ್ನಿಗ್ಧತೆಯನ್ನು ಉಪಕರಣದಲ್ಲಿ ಅಳೆದು, ಆ ಅಂಕಿಯ ಪಕ್ಕದಲ್ಲೇ ನೇಯ್ಗೆಯವರು ಆಡಿದ ಪದವನ್ನು ಬರೆದಿಡಬಹುದು. ಕಂಬಳಿ ಕೇಳುವವರು ಕಡಿಮೆಯಾಗಿ ಒರಟು ಉಣ್ಣೆಗೆ ಬೆಲೆಯಿಲ್ಲದಾಗಿರುವ ಈ ಕಾಲದಲ್ಲಿ, ಆ ಉಣ್ಣೆಯನ್ನು ಇನ್ನೇನಕ್ಕೆ ಬಳಸಬಹುದು ಎಂದು ಹುಡುಕುವವರಿಗೆ ಅಂಥ ಟಿಪ್ಪಣಿ ಪುಸ್ತಕ ಬೇಕೇ ಬೇಕು. ಬರೆದುಕೊಳ್ಳುವವರು ಕೇಳುವ ಪ್ರಶ್ನೆ ಮಾತ್ರ ಬದಲಾಗಬೇಕು. ಅಗ್ನಿಶಾಮಕ ದಳದವರು ಬೆಂಕಿಯ ನಡುವೆ ಹೇಗೆ ತೀರ್ಮಾನ ಮಾಡುತ್ತಾರೆ ಎಂದು 1980ರ ದಶಕದಲ್ಲಿ ಅಧ್ಯಯನ ಮಾಡಿದ ಗ್ಯಾರಿ ಕ್ಲೈನ್, ನಿಯಮ ಹೇಳಿ ಎಂದು ಕೇಳಿದರೆ ಪರಿಣತರ ತಿಳಿವಳಿಕೆ ಹೊರಬರದು ಎಂದು ಕಂಡುಕೊಂಡು, ಕಷ್ಟವಾದ ಒಂದೊಂದು ಘಟನೆಯನ್ನೇ ಎಳೆಎಳೆಯಾಗಿ ಹೇಳಿಸಿದರು. ಮಗ್ಗದ ಮುಂದೆಯೂ ಹಾಗೆಯೇ. 'ಗಂಜಿಗೆ ಎಷ್ಟು ನೀರು ಹಾಕುತ್ತೀರಿ?' ಎಂದು ಕೇಳಿದರೆ 'ಹದ ನೋಡಿ ಹಾಕುತ್ತೇವೆ' ಎಂಬಲ್ಲಿಗೆ ಮಾತು ಮುಗಿಯುತ್ತದೆ. 'ಗಂಜಿ ಕೆಟ್ಟಿದೆ ಅಂತ ಮೊದಲು ಯಾವುದರಿಂದ ಗೊತ್ತಾಗುತ್ತೆ, ಕೈಯಿಂದಲೋ, ಮೂಗಿನಿಂದಲೋ, ಸದ್ದಿನಿಂದಲೋ? ಆಗ ಏನು ಮಾಡಿ ನೋಡ್ತೀರಿ?' ಎಂದು ಕೇಳಿ ನೋಡಬೇಕು.